ಚೌಡಣ್ಣ ಬೇಡ ಎಂದ ಎರಡು ಬುಷ್

ಹೊಸ ಬುಷ್ ಒಂದನ್ನು ಕೈಗೆ ಕೊಟ್ಟರೆ ಚೌಡಣ್ಣ ಅದನ್ನು ಮೊದಲು ಕಚ್ಚಿ ನೋಡುತ್ತಿದ್ದರು. ಪೊಟ್ಟಣದ ಮೇಲೆ ಏನು ಬರೆದಿದೆ ಎಂದು ಓದುತ್ತಿರಲಿಲ್ಲ. ಲುಂಗಿಯ ಅಂಚಿನಿಂದ ಒರೆಸಿ, ಬಲಗಡೆಯ ದವಡೆಗೆ ಇಟ್ಟು, ಕಣ್ಣು ಮುಚ್ಚಿ ಒಮ್ಮೆ ಬಲವಾಗಿ ಕಚ್ಚಿ, ತೆಗೆದು, ಹಲ್ಲಿನ ಗುರುತನ್ನು ಬೆಳಕಿಗೆ ಹಿಡಿಯುತ್ತಿದ್ದರು. ಆ ಗುರುತು ಎಷ್ಟು ಬೇಗ ತುಂಬಿಕೊಳ್ಳುತ್ತದೆ ಎಂದು ತುಟಿಯಲ್ಲೇ ಎಣಿಸುತ್ತಿದ್ದರು. ಮೂರು ಎಣಿಸುವುದರೊಳಗೆ ಮಾಯವಾದರೆ ಒಳ್ಳೆಯ ರಬ್ಬರು. ಹತ್ತು ಎಣಿಸಿದರೂ ಹಾಗೇ ಇದ್ದರೆ, “ಇದ್ರಲ್ಲಿ ಚಪ್ಪಲಿ ಮಾಡಬಹುದು” ಎಂದು ವಾಪಸ್ ಕೊಡುತ್ತಿದ್ದರು. ಗುರುತೇ ಬೀಳದಿದ್ದರೆ ಮಾತ್ರ ಏನೂ ಹೇಳದೆ ಅದನ್ನು ಬೆಂಚಿನ ಮೇಲೆ ಬೇರೆಯಾಗಿ ಇಡುತ್ತಿದ್ದರು.

ಬುಷ್ ಎಂದರೆ ದೊಡ್ಡ ಯಂತ್ರವಲ್ಲ. ಚಕ್ರವನ್ನು ಹಿಡಿದುಕೊಂಡಿರುವ ಕಬ್ಬಿಣದ ತೋಳು ಕಾರಿನ ಮೈಗೆ ಸೇರುವ ಜಾಗದಲ್ಲಿ ಕೂರುವ ರಬ್ಬರಿನ ಬಳೆ. ಒಳಗೊಂದು ಕಬ್ಬಿಣದ ಕೊಳವೆ, ಅದರೊಳಗೆ ಬೋಲ್ಟು. ರಸ್ತೆಯ ಪೆಟ್ಟನ್ನು ಮೊದಲು ತಿನ್ನುವುದು ಅದು. ಕಾರು ಇಟ್ಟುಕೊಂಡವರಲ್ಲಿ ಹೆಚ್ಚಿನವರು ಅದನ್ನು ಒಮ್ಮೆಯೂ ನೋಡಿರುವುದಿಲ್ಲ. ಚೌಡಣ್ಣ ನಲವತ್ತು ವರ್ಷ ನೋಡಿದ್ದು ಹೆಚ್ಚಾಗಿ ಅದನ್ನೇ.

ಹೊಸನಗರದಿಂದ ನಗರ ಎಂಬ ಊರಿನ ಕಡೆಗೆ ಹೋಗುವ ರಸ್ತೆಯ ಬದಿಯಲ್ಲಿ ಅವರ ಗ್ಯಾರೇಜು ಇತ್ತು. ಬೋರ್ಡು ಇರಲಿಲ್ಲ. ತಗಡಿನ ಮಾಡು, ನೆಲದಲ್ಲಿ ತೋಡಿದ ಒಂದು ಗುಂಡಿ, ಗೋಡೆಗೆ ಅಡ್ಡ ಕಟ್ಟಿದ ತಂತಿ. ಆ ತಂತಿಗೆ ಹರಿದ ಹಳೆಯ ಬುಷ್‌ಗಳನ್ನು ಪೋಣಿಸಿ ಇಟ್ಟಿದ್ದರು. ರಬ್ಬರು ಹರಿದ ರೀತಿ ನೋಡಿ ಓಡಿಸಿದವನ ಗುಣ ಹೇಳುತ್ತಿದ್ದರು. “ಇದು ಬ್ರೇಕ್ ಮೇಲೇ ನಿಂತಿರೋನ್ದು. ಇದು ಹೊಂಡ ಕಂಡ್ರೂ ಕಾಲು ಎತ್ತದೇ ಇರೋನ್ದು. ಇದು ನಮ್ಮ ಡಾಕ್ಟ್ರುದು, ಪಾಪ ಅವ್ರ ತಪ್ಪಲ್ಲ, ಹಾಕಿದೋನ ತಪ್ಪು.”

ಚೌಡಣ್ಣ ಕಲಿತದ್ದು ಮಾಸ್ತಿಕಟ್ಟೆಯ ಕಡೆ. ಹರೆಯದಲ್ಲಿ ಅಲ್ಲೊಬ್ಬ ಗುತ್ತಿಗೆದಾರನ ಟಿಪ್ಪರು, ಜೀಪುಗಳಿಗೆ ಮೆಕ್ಯಾನಿಕ್ ಆಗಿದ್ದರು. ಬಿಡಿಭಾಗ ಬರಲು ತಿಂಗಳು ಹಿಡಿಯುತ್ತಿದ್ದ ಕಾಲ. ಜಲ್ಲಿ ಸಾಗಿಸುವ ಹಳೆಯ ರಬ್ಬರಿನ ಕನ್ವೇಯರ್ ಬೆಲ್ಟನ್ನು ಕತ್ತರಿಸಿ, ಉಜ್ಜಿ, ಕೈಯಲ್ಲೇ ಬುಷ್ ಮಾಡಿ ಹಾಕುತ್ತಿದ್ದರಂತೆ. ಕಚ್ಚಿ ನೋಡುವ ಅಭ್ಯಾಸ ಅಲ್ಲಿಂದ ಬಂದದ್ದು.

ನಾನು ಅವರಲ್ಲಿಗೆ ಹೋದದ್ದು ಒಂದು ಸದ್ದಿನಿಂದಾಗಿ. ಸಾಗರದಲ್ಲಿ ಪತ್ರಿಕೆಯೊಂದರ ವರದಿಗಾರನಾಗಿ ಇಪ್ಪತ್ತಾರು ವರ್ಷ ಕೆಲಸ ಮಾಡಿದ್ದೇನೆ. ಮೂರು ತಾಲ್ಲೂಕು ಸುತ್ತುವ ಕೆಲಸ. ನನ್ನ ಕಾರಿನ ಮುಂದಿನ ಎಡಚಕ್ರದ ಹತ್ತಿರ ಕಟಕಟ ಸದ್ದು ಶುರುವಾಗಿತ್ತು. ಎರಡು ಕಡೆ ತೋರಿಸಿ, ಎರಡು ಸಲ ಬುಷ್ ಬದಲಾಯಿಸಿದ್ದೆ. ಎರಡೂ ಸಲ ಮೂರು ತಿಂಗಳಿಗೆ ಸದ್ದು ಮರಳಿತ್ತು. ಚೌಡಣ್ಣ ಕಾರಿನ ಕೆಳಗೆ ನುಗ್ಗಲಿಲ್ಲ. ಸ್ಟೂಲಿನ ಮೇಲೆ ಕೂತು ನನ್ನನ್ನು ಕೇಳಿದರು:

“ದಿನಾ ಎಷ್ಟು ಜನ ಕೂರ್ತೀರಿ ಭಟ್ರೇ ಇದ್ರಲ್ಲಿ?”

“ನಾನೊಬ್ಬನೇ. ವಾರಕ್ಕೆ ಎರಡು ದಿನ ಹೆಂಡತಿ.”

“ತೂಕ?”

“ನಾನು ಎಪ್ಪತ್ತೊಂದು ಕೆಜಿ. ಅವಳು ಐವತ್ತೆಂಟು. ಹಿಂದೆ ಒಂದು ಬ್ಯಾಗು, ಆರು ಕೆಜಿ ಇರಬಹುದು.”

ಅವರು ನನ್ನನ್ನು ಸ್ವಲ್ಪ ಹೊತ್ತು ನೋಡಿದರು. “ಹೆಂಡತಿ ತೂಕ ಸರಿಯಾಗಿ ಹೇಳಿದ ಗಂಡಸು ನೀವೇ ಮೊದಲು” ಎಂದರು. ಅಂದಿನಿಂದ ಗ್ಯಾರೇಜಿಗೆ ಬಂದ ಯಾರಿಗೇ ಪರಿಚಯಿಸುವಾಗಲೂ ಅವರು ನನ್ನ ಪತ್ರಿಕೆಯ ಹೆಸರು ಹೇಳುತ್ತಿರಲಿಲ್ಲ. “ಇವ್ರು ನಮ್ಮ ಭಟ್ರು. ಕೇಳಿದ್ದಕ್ಕೆ ಕೇಳಿದಷ್ಟೇ ಉತ್ತರ ಹೇಳೋರು” ಎನ್ನುತ್ತಿದ್ದರು. ಆ ಮಾತು ನನಗೆ ಇಷ್ಟವಾಗುತ್ತಿತ್ತು ಎಂಬುದನ್ನು ಇಲ್ಲೇ ದಾಖಲಿಸಿಬಿಡುತ್ತೇನೆ.

ತೂಕ ಕೇಳಿದ್ದಕ್ಕೆ ಕಾರಣವಿತ್ತು. ಎಲ್ಲರೂ ಕಾರನ್ನು ಜಾಕಿನ ಮೇಲೆ ಎತ್ತಿ, ಚಕ್ರ ಗಾಳಿಯಲ್ಲಿ ನೇತಾಡುತ್ತಿರುವಾಗಲೇ ಬುಷ್ ಕೂರಿಸಿ ಬೋಲ್ಟು ಬಿಗಿದುಬಿಡುತ್ತಾರೆ. ಆಮೇಲೆ ಕಾರನ್ನು ಇಳಿಸಿದಾಗ ತೋಳು ಮೇಲೇಳುತ್ತದೆ. ಬಿಗಿದ ರಬ್ಬರು ಅಲ್ಲೇ ಒಂದು ಸುತ್ತು ಹಿಂಡಿದಂತಾಗುತ್ತದೆ. ಕಾರು ಸುಮ್ಮನೆ ನಿಂತಿದ್ದಾಗಲೂ ಅದು ಹಿಂಡಿಕೊಂಡೇ ಇರುತ್ತದೆ. ಮೂರು ತಿಂಗಳಿಗೆ ಹರಿಯುತ್ತದೆ. ಚೌಡಣ್ಣ ಬೋಲ್ಟನ್ನು ಸಡಿಲವಾಗಿ ಹಾಕಿ, ಕಾರನ್ನು ಗುಂಡಿಯ ಮೇಲೆ ನಾಲ್ಕೂ ಚಕ್ರದಲ್ಲಿ ನಿಲ್ಲಿಸಿ, ದಿನವೂ ಕೂರುವವರನ್ನೆಲ್ಲ ಅವರವರ ಜಾಗದಲ್ಲಿ ಕೂರಿಸಿ, ಆಮೇಲೆ ಕೆಳಗಿನಿಂದ ಬಿಗಿಯುತ್ತಿದ್ದರು. ಒಬ್ಬರೇ ಬಂದವರಿಗೆ ಪಕ್ಕದ ಸೀಟಿನಲ್ಲಿ ಮರಳಿನ ಚೀಲ. “ಹೊರೆ ಹೊತ್ಕಂಡಾಗ ಹೆಂಗೆ ನಿಲ್ತದೋ ಹಂಗೆ ಬಿಗೀಬೇಕು. ಹಗುರ ಇದ್ದಾಗ ಬಿಗಿದ್ರೆ ಹೊರೆ ಬಂದಾಗ ಹರೀತದೆ” ಎನ್ನುತ್ತಿದ್ದರು. ಇದನ್ನು ಅವರು ರಬ್ಬರಿನ ಬಗ್ಗೆ ಮಾತ್ರ ಹೇಳುತ್ತಿದ್ದರು. ಬದುಕಿನ ಬಗ್ಗೆ ಮಾತಾಡುವ ಅಭ್ಯಾಸ ಅವರಿಗೆ ಇರಲಿಲ್ಲ.

ಒಂದು ದಿನ ಮೇಳಿಗೆಯಿಂದ ಒಂದು ಮನೆಯವರೆಲ್ಲ ವ್ಯಾನಿನಲ್ಲಿ ಬಂದಿದ್ದರು. ಏಳು ಜನ. ಎಂಬತ್ತು ದಾಟಿದ ಅಜ್ಜಿಯನ್ನು ನಡುವಿನ ಸೀಟಿನಲ್ಲಿ ಕೂರಿಸಿ ಚೌಡಣ್ಣ ಗುಂಡಿಗೆ ಇಳಿದರು. ಎರಡು ಬೋಲ್ಟು ಬಿಗಿಯುವಷ್ಟರಲ್ಲಿ ಮೇಲೆ ಗಾಡಿ ತೂಗಿತು.

“ಅಮ್ಮಾ, ಅಲ್ಲಾಡ್ಬೇಡಿ!” ಎಂದು ಗುಂಡಿಯೊಳಗಿಂದ ಕೂಗಿದರು.

“ಎಷ್ಟ್ ಹೊತ್ತಾ ಮಾರಾಯ? ನಾನೇನು ಸತ್ಯನಾರಾಯಣ ಕಥೆ ಕೇಳೂಕೆ ಕೂತಿದ್ದಾ?”

“ಇನ್ನೊಂದೇ ಅಧ್ಯಾಯ ಅಮ್ಮಾ. ಪ್ರಸಾದ ತಗೊಂಡೇ ಇಳೀರಿ.”

ಕೆಲಸ ಮುಗಿದ ಮೇಲೆ ಪಕ್ಕದ ಅಂಗಡಿಯಿಂದ ಅಜ್ಜಿಗೆ ಬಾಳೆಹಣ್ಣು ತರಿಸಿಕೊಟ್ಟರು.

ನನ್ನ ಕಾರಿಗೂ ಹೀಗೇ ಕೂರಿಸಿ ಬಿಗಿದ ಮೇಲೆ ಸದ್ದು ನಿಂತಿತು. ಆ ನೆಚ್ಚಿಕೆಯಲ್ಲೇ ನಾನು ವಿನಾಯಕನನ್ನು ಅವರ ಹತ್ತಿರ ಕರೆದುಕೊಂಡು ಹೋದೆ.

ವಿನಾಯಕ ನನ್ನ ತಂಗಿ ಸುಮನಾಳ ಗಂಡ. ತೀರ್ಥಹಳ್ಳಿಯಲ್ಲಿ ಪಂಪ್‌ಸೆಟ್ಟಿನ ಅಂಗಡಿ. ನಾವಿಬ್ಬರೂ ಪರಸ್ಪರ ಭಾವ ಎಂದೇ ಕರೆಯುತ್ತೇವೆ. ಅಂಗಡಿ ಮುಚ್ಚಿದ ಮೇಲೆ ಉಳಿಯುವ ಅವನ ಬದುಕೆಲ್ಲ ಒಂದು ಕೆಂಪು ಹ್ಯಾಚ್‌ಬ್ಯಾಕಿನಲ್ಲಿತ್ತು. ಚಿಕ್ಕ ಮೈ, ಅದಕ್ಕೆ ತಕ್ಕುದಕ್ಕಿಂತ ದೊಡ್ಡ ಎಂಜಿನ್ನು. ಅದನ್ನು ಓಟದ ಕಾರು ಮಾಡಬೇಕೆಂಬ ಹಂಬಲ. ಮೇಳಿಗೆಯ ಹತ್ತಿರ ಒಂದು ಎಸ್ಟೇಟಿನ ಮಣ್ಣುರಸ್ತೆಯಲ್ಲಿ ಸಣ್ಣ ರ್‍ಯಾಲಿ ನಡೆಯುವುದಿತ್ತು. ಒಂದೊಂದೇ ಕಾರು ಬಿಟ್ಟು, ಅದು ತೆಗೆದುಕೊಂಡ ಹೊತ್ತನ್ನು ಅಳೆಯುವುದು. ಸುತ್ತಿಗೆ ಏಳು ಕಿಲೋಮೀಟರಿನಂತೆ ಮೂರು ಸುತ್ತು. ಡ್ರೈವರಿನ ಪಕ್ಕ ಒಬ್ಬ ಕೂತು, ಮುಂದಿನ ತಿರುವು ಎಂಥದು ಎಂದು ಪುಸ್ತಕ ನೋಡಿ ಓದಿ ಹೇಳಬೇಕು.

ಸುಮನಾ ನಮ್ಮ ಮನೆಮಾತಿನಲ್ಲೇ ಎರಡು ಷರತ್ತು ಹಾಕಿದಳು. “ಅಣ್ಣ, ಪಕ್ಕದಲ್ಲಿ ನೀನೇ ಕೂರಕ್ಕು. ಗಾಡಿ ಚೌಡಣ್ಣನೇ ಮಾಡಕ್ಕು. ಎರಡರಲ್ಲಿ ಒಂದು ತಪ್ಪಿದ್ರೂ ಆನು ಒಪ್ತ್ನಿಲ್ಲೆ.” ಅವಳ ಲೆಕ್ಕ ಸರಳವಾಗಿತ್ತು. ಗಂಡನ ಮೇಲೆ ಅವಳಿಗೆ ಪ್ರೀತಿಯಿತ್ತು. ನಂಬಿಕೆಯನ್ನು ನಮ್ಮಿಬ್ಬರ ಮೇಲೆ ಇಟ್ಟಿದ್ದಳು.

ಬುಷ್ ಆಯ್ಕೆಗೇ ನಾಲ್ಕು ಭಾನುವಾರ ಹಿಡಿಯಿತು. ವಿನಾಯಕ ಹೊರಗಿನಿಂದ ತರಿಸಿದ್ದು ಪಾಲಿ ಬುಷ್. ರಬ್ಬರಿನದಲ್ಲ, ಗಡಸು ಪ್ಲಾಸ್ಟಿಕ್ಕಿನಂಥ ವಸ್ತುವಿನದು, ನೇರಳೆ ಬಣ್ಣ. ಓಟದ ಕಾರಿನಲ್ಲಿ ತಿರುವಿನ ಒತ್ತಡಕ್ಕೆ ರಬ್ಬರು ಬಾಗಿ ಚಕ್ರ ವಾಲುತ್ತದೆ, ಪಾಲಿ ವಾಲಲು ಬಿಡುವುದಿಲ್ಲ, ಸ್ಟೇರಿಂಗು ಹೇಳಿದಲ್ಲಿಗೆ ಕಾರು ಹೋಗುತ್ತದೆ ಎಂದು ಅವನು ವಿವರಿಸಿದ. ಅದು ನಿಜ. ಚೌಡಣ್ಣನೂ ಒಪ್ಪಿದರು. ಒಂದನ್ನು ತೆಗೆದು ಕಚ್ಚಿದರು. ಗುರುತು ಬೀಳಲಿಲ್ಲ. ಬೆಂಚಿನ ಮೇಲೆ ಬೇರೆಯಾಗಿ ಇಟ್ಟರು.

“ಮುಂದಿನ ತೋಳಿಗೆ ಇದು ಹಾಕನ,” ಎಂದರು. “ಅದು ಬಾಗಿಲಿನ ತಿರುಗಣಿ ಇದ್ದಂಗೆ, ಮೇಲೆ ಕೆಳಗೆ ಅಷ್ಟೇ. ಗಡಸು ಇದ್ರೆ ಒಳ್ಳೇದೇ. ಹಿಂದಿನ ಎರಡು ರಬ್ಬರೇ ಇರ್ಲಿ.”

“ಹಿಂದೂ ಇದೇ ಹಾಕಿದ್ರೆ ಇನ್ನೂ ಗಟ್ಟಿ ಆಗುತ್ತಲ್ಲ ಚೌಡಣ್ಣ?”

“ಗಟ್ಟಿ ಆಗ್ತದೆ. ಆಮೇಲೆ?”

ಅವರು ವಿನಾಯಕನನ್ನು ಗುಂಡಿಗಿಳಿಸಿ ತೋರಿಸಿದರು. ಆ ಕಾರಿನ ಹಿಂದಿನ ಎರಡು ಚಕ್ರಗಳನ್ನು ಒಂದೇ ಅಡ್ಡಪಟ್ಟಿ ಹಿಡಿದಿತ್ತು. ಒಂದು ಚಕ್ರ ಕಲ್ಲು ಹತ್ತಿದರೆ ಆ ಪಟ್ಟಿ ಇಡಿಯಾಗಿ ತಿರುಚಬೇಕು, ಅದರ ಜೊತೆ ಬುಷ್ ನಾಲ್ಕೂ ದಿಕ್ಕಿಗೆ ಹೊರಳಬೇಕು. “ಇಲ್ಲಿ ಹೊರಳಕ್ಕೆ ಬಿಡದೇ ಇದ್ರೆ ಪೆಟ್ಟು ಎಲ್ಲಿಗೆ ಹೋಗ್ತದೆ? ಎಲ್ಲಿಗಾದ್ರೂ ಹೋಗ್ಲೇಬೇಕಲ್ಲ. ಬುಷ್ ತಿನ್ಲಿಲ್ಲ ಅಂದ್ರೆ ತಗಡು ತಿಂತದೆ. ತಗಡು ತಿಂದ್ರೆ ವೆಲ್ಡಿಂಗ್ ಬಿಡ್ತದೆ. ಅದು ಬಿಡೋದು ಗಾಡಿ ನಿಂತಿದ್ದಾಗ ಅಲ್ಲ ಮಾಣಿ.”

ಬೇರೆ ಆಸೆಗಳೂ ಇದ್ದವು. ಸ್ಪ್ರಿಂಗು ತಗ್ಗಿಸುವುದು, ಹೊಸ ಶಾಕ್ ಅಬ್ಸಾರ್ಬರು. ಎಲ್ಲಕ್ಕೂ ಚೌಡಣ್ಣನ ಉತ್ತರ ಒಂದೇ: “ಮೊದಲು ಕೀಲು, ಆಮೇಲೆ ತೋಳ್ಬಲ. ಕೀಲು ಸರಿ ಇಲ್ದೋನಿಗೆ ಗರಡಿ ಮನೇಲಿ ಎಂತ ಕೆಲಸ?” ಕೊನೆಗೆ ಮುಂದೆ ಪಾಲಿ, ಹಿಂದೆ ಹೊಸ ರಬ್ಬರು ಎಂದು ತೀರ್ಮಾನವಾಯಿತು. ನಾನು ಮತ್ತು ವಿನಾಯಕ ನಮ್ಮ ಜಾಗದಲ್ಲಿ ಕೂತೆವು. ಅವರು ಕೆಳಗಿನಿಂದ ಬಿಗಿದರು. ಹೊರಡುವಾಗ ಕಿಟಕಿಯ ಹತ್ತಿರ ಬಂದು ನನಗೆ ಮಾತ್ರ ಕೇಳುವಂತೆ, “ಹುಡುಗ ಚುರುಕು ಇದ್ದಾನೆ. ನೋಡ್ಕಳಿ” ಎಂದರು.

ರ್‍ಯಾಲಿ ಇದ್ದದ್ದು ಭಾನುವಾರ. ಅದರ ಹಿಂದಿನ ಬುಧವಾರ ಮಧ್ಯಾಹ್ನ ನಾನು ತಾಲ್ಲೂಕು ಕಚೇರಿಯ ಮುಂದೆ ನಿಂತಿದ್ದಾಗ ವಿನಾಯಕನ ಫೋನು ಬಂತು.

“ಭಾವ, ಆನು ಶಿವಮೊಗ್ಗಕ್ಕೆ ಬಂದಿದ್ದಿ. ಹಿಂದಿನದೂ ಪಾಲಿ ಹಾಕ್ಸಿದ್ದಿ. ಗಾಡಿ ಹೆಂಗಿದ್ದು ಗೊತ್ತಿದ್ದ? ಹಳಿ ಮೇಲೆ ಹೋದಂಗೆ ಹೋಗ್ತು.”

“ಎಂತಕ್ಕೆ ಹಾಕ್ಸಿದೆ ಮಾರಾಯ? ಅವರು ಬೇಡ ಹೇಳಿದ್ದು ಕೇಳಿದ್ದಿಲ್ಯ?”

“ಒಂದೇ ರ್‍ಯಾಲಿಗೆ. ಸೋಮವಾರ ತೆಗೆಸಿಬಿಡ್ತಿ. ಚೌಡಣ್ಣಂಗೆ ಹೇಳಡ. ಸುಮನಂಗೂ ಹೇಳಡ.”

ನಾನು ಹೇಳುತ್ತೇನೆ ಎಂದೂ ಅನ್ನಲಿಲ್ಲ, ಹೇಳುವುದಿಲ್ಲ ಎಂದೂ ಅನ್ನಲಿಲ್ಲ. ಮರುದಿನ ಗುರುವಾರ ಬೆಳಿಗ್ಗೆ ಚೌಡಣ್ಣ ತಾವಾಗಿಯೇ ಫೋನು ಮಾಡಿದರು. ಅವರು ಸಾಮಾನ್ಯವಾಗಿ ಯಾರಿಗೂ ಫೋನು ಮಾಡುತ್ತಿರಲಿಲ್ಲ.

“ಗಾಡಿ ಹೆಂಗಿದೆ ಭಟ್ರೇ? ಹಿಂದೆ ಎಂತದೂ ಕೈ ಹಾಕಿಲ್ಲಲ್ಲ ಅವ?”

“ಇಲ್ಲ. ಎಲ್ಲ ಸರಿ ಇದೆ,” ಎಂದೆ.

ಯಾಕೆ ಹಾಗೆ ಹೇಳಿದೆ ಎಂದು ಆಮೇಲೆ ಬಹಳ ಸಲ ಕೇಳಿಕೊಂಡಿದ್ದೇನೆ. ಆ ಹೊತ್ತಿನಲ್ಲಿ ನಾನು ಕೊಟ್ಟುಕೊಂಡ ಕಾರಣ ನಮ್ಮ ವೃತ್ತಿಯದೇ: ಒಬ್ಬನೇ ಹೇಳಿದ ಸುದ್ದಿ, ನಾನು ಕಣ್ಣಾರೆ ನೋಡಿಲ್ಲ, ಖಚಿತಪಡಿಸಿಕೊಳ್ಳದೆ ಹೇಳಬಾರದು. ಖಚಿತಪಡಿಸಿಕೊಳ್ಳಲು ಕಾರಿನ ಕೆಳಗೆ ಬಗ್ಗಿದರೆ ಸಾಕಿತ್ತು. ಗುರುವಾರ, ಶುಕ್ರವಾರ, ಶನಿವಾರ ನಾನು ಬಗ್ಗಲಿಲ್ಲ. ವರದಿ ಬರೆಯುವಾಗ ಒಂದೇ ಸಾಲನ್ನು ಎರಡು ಸಲ ಬರೆದೆ. ಶನಿವಾರ ಸುಮನಾ ಫೋನು ಮಾಡಿ, “ಅಣ್ಣ, ನೀನು ಇದ್ದೆ ಹೇಳಿ ಎನಗೆ ಧೈರ್ಯ” ಎಂದಾಗಲೂ ಬಾಯಿ ಬಿಡಲಿಲ್ಲ.

ಭಾನುವಾರದ ಮೊದಲ ಸುತ್ತು ಚೆನ್ನಾಗಿಯೇ ಹೋಯಿತು. ಕಾರು ನಿಜವಾಗಿಯೂ ಹಳಿಯ ಮೇಲಿದ್ದಂತೆ ತಿರುಗುತ್ತಿತ್ತು. ನಾನು ಪುಸ್ತಕ ನೋಡಿ ಓದುತ್ತಿದ್ದೆ: ಎಡಕ್ಕೆ ನಿಧಾನ ತಿರುವು, ಮುಂದೆ ಕಲ್ಲು, ಬಲಕ್ಕೆ ಕಡಿದಾದ ತಿರುವು, ಕೆಳಗೆ ಕಂದಕ. ಬಾಯಿ ಓದುತ್ತಿತ್ತು, ಕಿವಿ ಹಿಂದಿನ ಚಕ್ರದಲ್ಲಿತ್ತು. ಎರಡನೇ ಸುತ್ತಿನ ನಾಲ್ಕನೇ ಕಿಲೋಮೀಟರಿನಲ್ಲಿ ಹಿಂದೆ ಎಡಗಡೆ ಟಕ್ ಎಂದಿತು. ಮುಂದಿನ ತಿರುವಿನಲ್ಲಿ ಇನ್ನೊಂದು. ಕಂದಕದ ಬದಿಯ ತಿರುವಿನಲ್ಲಿ ಮೂರನೆಯದು. ಆ ಸಲ ಕಾರಿನ ಹಿಂಭಾಗ ನಾವು ತಿರುಗಿದ ಮೇಲೆ, ಒಂದು ಕ್ಷಣ ತಡವಾಗಿ ತಿರುಗಿತು. ಪುಸ್ತಕದ ಅಂಚಿನಲ್ಲಿ ಮೂರು ಗೀಟು ಎಳೆದೆ. ಆ ಗೀಟುಗಳನ್ನು ಈಗ ನೋಡಿದರೂ ಅವು ನನ್ನ ಕೈ ಎಳೆದ ಗೀಟುಗಳಂತೆ ಕಾಣುವುದಿಲ್ಲ.

ಎರಡು ಸುತ್ತಿನ ಕೊನೆಗೆ ವಿನಾಯಕ ಎರಡನೇ ಸ್ಥಾನದಲ್ಲಿದ್ದ. ಮೊದಲನೆಯವನಿಗೂ ಅವನಿಗೂ ಎರಡು ಸೆಕೆಂಡಿನ ಅಂತರವೂ ಇರಲಿಲ್ಲ. ಕಾರು ನಿಲ್ಲಿಸುವ ಬಯಲಿಗೆ ಬಂದಾಗ ಅಲ್ಲಿ ಚೌಡಣ್ಣ ನಿಂತಿದ್ದರು.

ಬರುತ್ತೇನೆ ಎಂದು ಅವರು ಹೇಳಿರಲಿಲ್ಲ. ಹೊಸನಗರದಿಂದ ಬಸ್ಸು ಹಿಡಿದು, ತೀರ್ಥಹಳ್ಳಿಯಿಂದ ಆಟೋದಲ್ಲಿ ಬಂದಿದ್ದರು. ಇಸ್ತ್ರಿ ಮಾಡಿದ ಬಿಳಿ ಅಂಗಿ, ಬಿಳಿ ಪಂಚೆ, ಕೈಯಲ್ಲಿ ಸ್ಪ್ಯಾನರಿನ ಚೀಲ. ತಾವು ಕೈಯಾಡಿಸಿದ ಕಾರು ಓಟಕ್ಕೆ ನಿಂತದ್ದು ಅವರ ಜೀವನದಲ್ಲಿ ಮೊದಲ ಸಲ. ಮನೆಯ ಮದುವೆಗೆ ಬಂದವರಂತೆ ಕಾಣುತ್ತಿದ್ದರು.

“ಸೆಕೆಂಡಾ? ಅಬ್ಬಬ್ಬ!” ಎಂದು ವಿನಾಯಕನ ಬೆನ್ನು ತಟ್ಟಿದರು. ಆಮೇಲೆ ನನ್ನ ಕಡೆ ತಿರುಗಿ ಅಭ್ಯಾಸದಂತೆ ಕೇಳಿದರು. “ಹಿಂದೆ ಎಂತಾದ್ರೂ ಸದ್ದು ಬಂತಾ ಭಟ್ರೇ?”

ಅವರ ಹಿಂದೆ ನೀರು ಕುಡಿಯುತ್ತಿದ್ದ ವಿನಾಯಕನ ಕೈ ಅರ್ಧಕ್ಕೆ ನಿಂತಿತು. ನಾನಿನ್ನೂ ಸೀಟಿನಲ್ಲೇ ಇದ್ದೆ, ಮಡಿಲಲ್ಲಿ ಮೂರು ಗೀಟಿನ ಪುಸ್ತಕವಿತ್ತು.

“ಬಂತು,” ಎಂದೆ. “ಎಡಗಡೆ. ಮೂರು ಸಲ.”

“ಬರಬಾರದಲ್ಲ. ಅಲ್ಲಿರೋದು ರಬ್ಬರು. ರಬ್ಬರು ಮಾತಾಡಲ್ಲ ಮಾರಾಯ್ರೇ.”

ಇಷ್ಟು ಹೇಳಿ, ಇಸ್ತ್ರಿ ಅಂಗಿಯಲ್ಲೇ ಕೆಂಪು ಮಣ್ಣಿನ ಮೇಲೆ ಬೆನ್ನು ಹಾಕಿ ಕಾರಿನ ಕೆಳಗೆ ಸರಿದರು. ಹೊರಗೆ ಅವರ ಎರಡು ಪಾದ ಕಾಣುತ್ತಿದ್ದವು. ಪಾದಗಳು ಬಹಳ ಹೊತ್ತು ಅಲ್ಲಾಡಲಿಲ್ಲ. ಹೊರಬಂದಾಗ ಅಂಗಿಯ ಬೆನ್ನೆಲ್ಲ ಕೆಂಪಾಗಿತ್ತು.

“ನೇರಳೆ ಬಣ್ಣ,” ಎಂದರು.

“ಚೌಡಣ್ಣ, ಅದು ಸುಮ್ನೆ ಒಂದು ಟ್ರಯಲ್ ಅಂತ...” ಎಂದು ವಿನಾಯಕ ಶುರುಮಾಡಿದ.

“ನಿನ್ನ ಕೇಳ್ಲಿಲ್ಲ.” ನನ್ನ ಕಡೆ ತಿರುಗಿದರು. “ನಿಮಗೆ ಯಾವಾಗ ಗೊತ್ತಾತು ಭಟ್ರೇ?”

“ಇವತ್ತು ಬೆಳಿಗ್ಗೆ,” ಎಂದೆ.

ವಿನಾಯಕ ನನ್ನನ್ನು ನೋಡಿದ. ಒಂದು ಮಾತು ಹೇಳಿದ್ದರೆ ಸಾಕಿತ್ತು, ಬುಧವಾರ ಎಂದು. ಹೇಳಲಿಲ್ಲ. ಬಾಟಲಿಯ ಮುಚ್ಚಳ ತಿರುಗಿಸುತ್ತ ನಿಂತ.

“ಪಾಪ, ದಾರೀಲಿ ಹೇಳಿದ್ರೆ ನೀವಾದ್ರೂ ಎಂತ ಮಾಡ್ತೀರಿ,” ಎಂದು ಚೌಡಣ್ಣ ನನ್ನ ಹೆಗಲು ಮುಟ್ಟಿದರು. ಅವರು ಬೈದಿದ್ದರೆ ಮರೆಯುತ್ತಿದ್ದೆನೇನೋ.

ಆಮೇಲೆ ವಿನಾಯಕನ ಕೈ ಹಿಡಿದು ಕೆಳಗೆ ಬಗ್ಗಿಸಿ, ಅವನ ಬೆರಳಿನಿಂದಲೇ ಮುಟ್ಟಿಸಿ ತೋರಿಸಿದರು. ಹಿಂದಿನ ಅಡ್ಡಪಟ್ಟಿ ಕಾರಿನ ಮೈಗೆ ಸೇರುವ ಜಾಗದ ವೆಲ್ಡಿಂಗು ಹೆಬ್ಬೆರಳಿನಷ್ಟು ಉದ್ದಕ್ಕೆ ಬಿಟ್ಟಿತ್ತು. ಅದು ಇದ್ದದ್ದು ಎಡಗಡೆ, ನನ್ನ ಸೀಟಿನ ಹಿಂದೆ. ಮೂರನೇ ಸುತ್ತಿಗೆ ಇನ್ನೂ ಹತ್ತು ನಿಮಿಷವಿತ್ತು.

“ಇನ್ನು ಏಳೇ ಕಿಲೋಮೀಟ್ರು ಚೌಡಣ್ಣ,” ಎಂದ ವಿನಾಯಕ. ಅವನ ದನಿ ಮಕ್ಕಳ ದನಿಯಂತಾಗಿತ್ತು. “ಎರಡು ಸುತ್ತು ತಡ್ಕಂಡಿದೆ. ಇನ್ನೊಂದು ತಡೀತದೆ. ಒಂದು ವರ್ಷದಿಂದ ಕಾದಿದ್ದೆ.”

“ತಡೀಬಹುದು,” ಎಂದರು ಚೌಡಣ್ಣ. ಅವರು ತಡೆಯುವುದಿಲ್ಲ ಎಂದು ಹೇಳಲಿಲ್ಲ. ಗೊತ್ತಿಲ್ಲದ್ದನ್ನು ಅವರು ಹೇಳುತ್ತಿರಲಿಲ್ಲ. “ಭಟ್ರೇ, ನೀವು ಇಳೀರಿ. ಆ ಟೋಪಿ ಕೊಡಿ ಇಲ್ಲಿ.”

ನಾನು ಇಳಿದು ಹೆಲ್ಮೆಟ್ ಕೊಟ್ಟೆ. ಅವರು ಅದನ್ನು ತಲೆಗೆ ಒತ್ತಿದರು. ಹಣೆಯ ಮೇಲೆಯೇ ನಿಂತಿತು. ಪಂಚೆ ಎತ್ತಿ ಕಟ್ಟಿ, ನನ್ನ ಸೀಟಿನಲ್ಲಿ ಕೂತು, ಬೆಲ್ಟಿನ ನಾಲ್ಕು ಪಟ್ಟಿಗಳಲ್ಲಿ ಯಾವುದು ಎಲ್ಲಿಗೆ ಎಂದು ಹುಡುಕಿ ಎದೆಯ ಮೇಲೆ ಎಳೆದುಕೊಂಡರು.

“ಹೊರಡು. ಚೌಡಣ್ಣ ಮಾಡಿದ ಗಾಡಿ ಅಂತ ಊರೆಲ್ಲ ಹೇಳಿದೀಯಲ್ಲ. ಅದು ಏಳು ಕಿಲೋಮೀಟ್ರು ಹೆಂಗೆ ತಡೀತದೆ ಅಂತ ನಾನೂ ನೋಡ್ತೀನಿ.”

ಅರವತ್ತೇಳು ವರ್ಷದ ಮನುಷ್ಯ ಹಾಗೆ ಕೂರಲು ನಿಯಮದಲ್ಲಿ ಅವಕಾಶವೇ ಇರಲಿಲ್ಲ. ಅದು ಅವರಿಗೆ ಗೊತ್ತಿರಲಿಲ್ಲ. ನನಗೆ ಗೊತ್ತಿತ್ತು, ಹೇಳಲು ಬಾಯಿ ಬರಲಿಲ್ಲ. ವಿನಾಯಕ ಸ್ಟೇರಿಂಗಿನ ಹಿಂದೆ ಕೂತ. ಕೀಲಿಯ ಮೇಲೆ ಕೈ ಇಟ್ಟ. ಚೌಡಣ್ಣ ಮುಂದೆ ರಸ್ತೆಯನ್ನೇ ನೋಡುತ್ತಿದ್ದರು. ಅವರ ಎರಡೂ ಕೈ ಮೊಣಕಾಲಿನ ಮೇಲಿದ್ದವು. ನಮ್ಮ ಮುಂದಿನ ಕಾರು ಹೊರಟಿತು. ಬಾವುಟ ಹಿಡಿದವನು ನಮ್ಮ ಕಡೆ ಕೈ ಬೀಸತೊಡಗಿದ. ನನ್ನ ಗಡಿಯಾರದಲ್ಲಿ ನಾಲ್ಕು ನಿಮಿಷ ಕಳೆಯಿತು.

ವಿನಾಯಕ ಕೀಲಿಯನ್ನು ಹೊರಗೆ ತೆಗೆದ. ಇಳಿದು, ಕೈಗವಸು ಬಿಚ್ಚಿ, ಸಂಘಟಕರ ಮೇಜಿನ ಕಡೆ ನಡೆದುಹೋಗಿ, ತನ್ನ ಹೆಸರನ್ನು ಹಿಂದಕ್ಕೆ ಪಡೆದ.

ಚೌಡಣ್ಣ ಆ ಕಾರನ್ನು ಕೈಬಿಡಲಿಲ್ಲ. ಸೀಳನ್ನು ಬೆಸುಗೆ ಹಾಕಿ, ಹಿಂದೆ ಮತ್ತೆ ರಬ್ಬರು ಹಾಕಿಕೊಟ್ಟರು. “ಇದು ನಿಮ್ಮ ತಂಗಿ ಮುಖ ನೋಡಿ” ಎಂದರು. ಆದರೆ ವಿನಾಯಕನ ಜೊತೆ ಮಾತು ಬಿಟ್ಟರು. ಬಿಗಿಯುವ ದಿನ ನಾವಿಬ್ಬರೂ ಕಾರಿನಲ್ಲಿ ಕೂತಿದ್ದೆವು. ಗುಂಡಿಯಿಂದ ದನಿ ಬಂತು:

“ಭಟ್ರೇ, ನಿಮ್ಮ ಭಾವಂಗೆ ಸ್ಟೇರಿಂಗ್ ನೆಟ್ಟಗೆ ಹಿಡ್ಕಳಕ್ಕೆ ಹೇಳಿ.”

“ಹಿಡ್ಕಂಡಿದೀನಿ ಅಂತ ಹೇಳು ಭಾವ,” ಎಂದ ವಿನಾಯಕ, ಗುಂಡಿಗೂ ಕೇಳುವಂತೆ.

“ಇನ್ನೂ ಸ್ವಲ್ಪ ಬಲಕ್ಕೆ ಅಂತ ಹೇಳಿ.”

“ಬಲಕ್ಕೆ ಆತು ಅಂತ ಹೇಳು.”

ನಾನು ಎರಡೂ ಕಡೆ ಏನನ್ನೂ ದಾಟಿಸಬೇಕಾಗಿರಲಿಲ್ಲ. ಇಬ್ಬರಿಗೂ ಎಲ್ಲ ಕೇಳುತ್ತಿತ್ತು. ಆದರೂ ದಾಟಿಸಿದೆ. ಒಂದೂವರೆ ವರ್ಷ ಹೀಗೇ ನಡೆಯಿತು. ಗ್ಯಾರೇಜಿಗೆ ಬಂದವರಿಗೆಲ್ಲ ಚೌಡಣ್ಣ ನೇರಳೆ ಬುಷ್‌ನ ಕಥೆ ಹೇಳುತ್ತಿದ್ದರು. ಕಥೆಯ ಕೊನೆಗೆ, “ಇವ್ರು ಕೇಳಿದ ತಕ್ಷಣ ಇದ್ದದ್ದು ಇದ್ದ ಹಾಗೆ ಹೇಳಿದ್ರು. ಇಲ್ದಿದ್ರೆ ಅವತ್ತು ಎಂತ ಆಗ್ತಿತ್ತೋ” ಎಂದು ನನ್ನನ್ನು ತೋರಿಸುತ್ತಿದ್ದರು. ಪ್ರತಿ ಸಲವೂ ನಾನು ಕಾಫಿ ಲೋಟದ ತಳ ನೋಡುತ್ತಿದ್ದೆ. ವಿನಾಯಕ ಎಲ್ಲಿಯಾದರೂ ಬಾಯಿ ಬಿಟ್ಟಾನೆಂಬ ಭಯ ನನ್ನನ್ನು ಬಿಡಲೇ ಇಲ್ಲ. ಒಮ್ಮೆ ಅವನನ್ನೇ ಕೇಳಿದೆ, ಯಾಕೆ ಹೇಳಲಿಲ್ಲ ಎಂದು.

“ಸುಮನಂಗೆ ಒಬ್ರ ಮೇಲಾದ್ರೂ ನಂಬಿಕೆ ಇರ್ಲಿ ಬಿಡು ಭಾವ,” ಎಂದ. ಅದಾದ ಮೇಲೆ ಭಯ ಹೋಗಿ ಅದರ ಜಾಗಕ್ಕೆ ಇನ್ನೂ ಕೆಟ್ಟದ್ದೊಂದು ಬಂತು.

ನಾನು ಚೌಡಣ್ಣನನ್ನು ಕೊನೆಯ ಸಲ ನೋಡಿದ್ದು ತಾಳಗುಪ್ಪದಲ್ಲಿ, ಅವರು ತೀರಿಕೊಳ್ಳುವುದಕ್ಕೆ ಮೂರು ವಾರ ಮೊದಲು. ಪಾರ್ಶ್ವವಾಯು ಹೊಡೆದು ಬಲಗೈ ಬಿದ್ದುಹೋಗಿತ್ತು. ಗ್ಯಾರೇಜು ಮುಚ್ಚಿ, ರೈಲು ನಿಲ್ದಾಣದ ಹತ್ತಿರ ಇದ್ದ ಮಗಳು ರತ್ನಳ ಮನೆಯಲ್ಲಿದ್ದರು. ಮಾತು ತೊದಲುತ್ತಿತ್ತು, ಆದರೆ ಬುದ್ಧಿ ಚುರುಕಾಗಿಯೇ ಇತ್ತು. ಕಿಟಕಿಯ ಹೊರಗೆ ಎಂಜಿನ್ನು ಬೋಗಿಗಳ ಈ ತುದಿಯಿಂದ ಆ ತುದಿಗೆ ಹೋಗುವುದನ್ನು ನೋಡುತ್ತ ಮಲಗಿದ್ದರು. ನನ್ನನ್ನು ಕಂಡು ರತ್ನಳಿಗೆ, “ನಮ್ಮ ಭಟ್ರು. ಕೇಳಿದ್ದಕ್ಕೆ...” ಎಂದು ಶುರುಮಾಡಿದರು.

“ಚೌಡಣ್ಣ,” ಎಂದು ಅವರ ಮಾತನ್ನು ತಡೆದೆ. “ಒಂದು ತಿದ್ದುಪಡಿ ಇದೆ. ಹಿಂದಿನ ಬುಷ್ ವಿಷಯ ನನಗೆ ಗೊತ್ತಾದದ್ದು ಭಾನುವಾರ ಬೆಳಿಗ್ಗೆ ಅಲ್ಲ. ಬುಧವಾರ ಮಧ್ಯಾಹ್ನ.”

ಅವರು ಕಿಟಕಿಯಿಂದ ಕಣ್ಣು ತೆಗೆದು ನನ್ನನ್ನು ನೋಡಿದರು.

“ನಾನು ಫೋನ್ ಮಾಡಿದ್ದು?”

“ಗುರುವಾರ.”

ರತ್ನ ಏನೋ ಅರ್ಥವಾದಂತೆ ಒಳಗೆ ಹೋದಳು. ಚೌಡಣ್ಣ ಎಡಗೈಯಿಂದ ಬಲಗೈಯನ್ನು ಎತ್ತಿ ಹೊಟ್ಟೆಯ ಮೇಲೆ ಇಟ್ಟುಕೊಂಡರು.

“ಹಂಗಾದ್ರೆ ಇಷ್ಟು ದಿನ ಆ ಮಾಣಿ ಒಬ್ನೇ ಬೈಸ್ಕಂಡ.”

“ಹೌದು.”

“ನೀವು ಪಕ್ಕದಲ್ಲೇ ಕೂತ್ಕಂಡು ಕೇಳ್ತಿದ್ರಿ.”

“ಹೌದು.”

“ಥೋ, ಭಟ್ರೇ!”

ಅಷ್ಟೇ ಬೈದದ್ದು. ಆಮೇಲೆ ಎಡಗೈ ಚಾಚಿದರು. “ಫೋನ್ ಹಚ್ಚಿ ಅವಂಗೆ.”

ನಾನು ವಿನಾಯಕನ ನಂಬರು ಒತ್ತಿ ಫೋನನ್ನು ಅವರ ಕಿವಿಗೆ ಹಿಡಿದೆ. ಅವರು ಅದನ್ನು ನನ್ನ ಕೈಯಿಂದ ಬಿಡಿಸಿಕೊಂಡರು. ಆ ಕಡೆಯಿಂದ “ಎಂತ ಭಾವ?” ಎಂದದ್ದು ನನಗೂ ಕೇಳಿಸಿತು.

“ಭಾವ ಅಲ್ಲ, ನಾನು,” ಎಂದರು ಚೌಡಣ್ಣ. “ಹೋಯ್, ಕೇಳ್ತಾ? ನಿಂಗೆ ಬೈದಿದ್ರಲ್ಲಿ ಅರ್ಧ ವಾಪಸ್ ತಗೊಂಡೆ. ಅದು ನಿನ್ನ ಭಾವಂದು. ಇನ್ನರ್ಧ ನಿಂದೇ, ಅದು ಬಿಡಲ್ಲ.” ಉಸಿರು ತೆಗೆದುಕೊಂಡರು. “ಆ ವೆಲ್ಡಿಂಗ್ ಜಾಗ ನೋಡಿದ್ಯಾ ಮೊನ್ನೆ? ತುಕ್ಕು ಹಿಡಿದಿದ್ಯಾ? ಸುಳ್ಳು ಹೇಳ್ಬೇಡ, ಬಗ್ಗಿ ನೋಡು. ಈಗ್ಲೇ ಹೋಗಿ ನೋಡು, ನಾನು ಇಲ್ಲೇ ಇರ್ತೀನಿ.”

ವಿನಾಯಕ ಅಂಗಡಿಯಿಂದ ಇಳಿದು ಕಾರಿನ ಹತ್ತಿರ ಹೋಗಿರಬೇಕು. ಚೌಡಣ್ಣ ಫೋನನ್ನು ಕಿವಿಗೆ ಒತ್ತಿ ಹಿಡಿದು ಕಾಯುತ್ತಿದ್ದರು. ನನಗೆ ಕಣ್ಣಿನಲ್ಲೇ ಬಾಗಿಲು ತೋರಿಸಿದರು. ನಾನು ಹೊರಗೆ ಬಂದೆ. ಸ್ವಲ್ಪ ಹೊತ್ತಿಗೆ ಒಳಗಿನಿಂದ ಅವರ ತೊದಲು ದನಿ ಮತ್ತೆ ಶುರುವಾಯಿತು, ನಡುವೆ ಒಮ್ಮೆ ಕೆಮ್ಮಿನಂಥ ನಗು. ರತ್ನ ಕಾಫಿ ತಂದುಕೊಟ್ಟಳು. ಹನ್ನೊಂದೂವರೆಗೆ ಸಾಗರದಲ್ಲಿ ಒಂದು ಪತ್ರಿಕಾಗೋಷ್ಠಿ ಇತ್ತು, ತಡವಾಗುತ್ತದೆ ಎಂದು ಕಚೇರಿಗೆ ತಿಳಿಸಬೇಕಿತ್ತು. ಫೋನು ಒಳಗಿತ್ತು. ಅಂಗಳದ ಕಟ್ಟೆಯ ಮೇಲೆ ಕೂತು ಕಾದೆ.